ಅಳಿಯನಿಗೆ ತೋರಿಸಿದ ಹಳ್ಳ

ಮಾತು ಬಾಯಿ ಜಾರಿದ ಮೇಲೂ ಗಾರ್ಲೆಂಡ್ ಫೋನನ್ನು ಕಿವಿಗೆ ಒತ್ತಿಕೊಂಡೇ ನಿಂತಿದ್ದ, ಇನ್ನೂ ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದರೆ ಆಡಿದ್ದು ವಾಪಸು ಬಂದೀತು ಎನ್ನುವ ಹಾಗೆ. ಆ ಕಡೆಯಿಂದ ಡಾಕ್ಟರ್ ಹ್ಯಾಸೆಲ್ ಖುಷಿಯಾಗಿ ನಗುತ್ತಿದ್ದ. ಷಾರ್ಲಟ್ ನಗರದಲ್ಲಿ ಹಲ್ಲಿನ ವೈದ್ಯ. ಪ್ರತಿ ಜೂನ್ ತಿಂಗಳಲ್ಲಿ ಸ್ಮೋಕಿ ಬೆಟ್ಟಗಳಿಗೆ ಬಂದು, ಗೈಡ್ ಆಗಿ ದುಡಿಯುವ ಗಾರ್ಲೆಂಡನ ಹಿಂದೆ ನೀರಿಗಿಳಿದು, ಗರಿ ಸುತ್ತಿದ ಹುಸಿನೊಣ ಎಸೆದು, ಒಂದೆರಡು ಟ್ರೌಟ್ ಹಿಡಿದು, ಫೋಟೋ ತೆಗೆಸಿಕೊಂಡು, ಮೀನನ್ನು ಮತ್ತೆ ನೀರಿಗೇ ಬಿಟ್ಟು ಹೋಗುವವನು. ಭಾನುವಾರದ ಏರ್ಪಾಡಿನ ಬಗ್ಗೆ ಮಾತಾಡಲು ಫೋನ್ ಮಾಡಿದ್ದ. ಪಾರ್ಕಿನ ಯಾವ ಬಾಗಿಲಲ್ಲಿ ಸೇರುವುದು, ಮಧ್ಯಾಹ್ನಕ್ಕೆ ಏನು ಬುತ್ತಿ, ರಬ್ಬರ್ ಪ್ಯಾಂಟು ಬೇಕೇ ಬೇಡವೇ ಎಂಬ ಮಾಮೂಲು ವಿಚಾರಗಳೆಲ್ಲ ಮುಗಿದಿದ್ದವು. ಅಲ್ಲಿಗೆ ಇಟ್ಟಿದ್ದರೆ ಏನೂ ಆಗುತ್ತಿರಲಿಲ್ಲ.

"ಈ ಸಲ ಅಳಿಯನೂ ಬರ್ತಿದಾನೆ ಗಾರ್ಲೆಂಡ್," ಎಂದಿದ್ದ ಡಾಕ್ಟರು. "ನ್ಯೂಜಿಲೆಂಡು, ಅರ್ಜೆಂಟೀನಾ ಎಲ್ಲಾ ಕಡೆ ಗಾಳ ಹಾಕಿ ಬಂದವನು. ನಮ್ಮ ಬೆಟ್ಟದ ಮೀನು ಅಂದ್ರೆ ಅವನಿಗೆ ಸಸಾರ. ರಸ್ತೆ ಪಕ್ಕದ ಆ ಹಳೇ ಮಡು ತೋರಿಸಿ ನನ್ನ ಮರ್ಯಾದೆ ತೆಗೀಬೇಡ ಮಾರಾಯ. ಈ ಪಾರ್ಕನ್ನ ನಿನ್ನಷ್ಟು ಬಲ್ಲೋನು ಇನ್ನೊಬ್ಬನಿಲ್ಲ ಅಂತ ಅವನ ಹತ್ರ ಹೇಳ್ಕೊಂಡಿದೀನಿ."

"ಒಂದು ಜಾಗ ಇದೆ ಡಾಕ್ಟ್ರೇ."

ಅಷ್ಟಕ್ಕೇ ಅವನು ನಿಲ್ಲಿಸಲಿಲ್ಲ. ನಕ್ಷೆಯಲ್ಲಿ ಅದಕ್ಕೆ ಹೆಸರಿಲ್ಲ, ಗಿರಾಕಿಗಳು ಯಾರೂ ಅಲ್ಲಿ ಕಾಲಿಟ್ಟಿಲ್ಲ, ಇರುವುದೆಲ್ಲ ಹೊರಗಿಂದ ತಂದು ಬಿಟ್ಟ ಮೀನಲ್ಲ, ಈ ಬೆಟ್ಟದಲ್ಲೇ ಹುಟ್ಟಿದ ಚುಕ್ಕೆಮೀನು, ಎಂದು ಒಂದರ ಮೇಲೊಂದು ಹೇಳುತ್ತಾ ಹೋಗಿ ಕೊನೆಗೆ ಹೆಸರನ್ನೂ ಹೇಳಿಬಿಟ್ಟ. "ಆರ್ಡೀ ಹಳ್ಳ ಅಂತಾರೆ."

ಫೋನ್ ಇಟ್ಟಾಗ ಒಲೆಯ ಮೇಲೆ ಕಾಫಿ ಕುದಿದು ಕಹಿಯಾಗಿತ್ತು. ಅದನ್ನೇ ಕುಡಿದ. ಮೇಜಿನ ಮೇಲೆ ಭಾನುವಾರಕ್ಕೆಂದು ಹರಡಿದ್ದ ಪಾರ್ಕಿನ ನಕ್ಷೆಯಲ್ಲಿ ನೋಲಂಡ್ ಕ್ರೀಕ್ ಎಂಬ ಹೊಳೆಯ ನೀಲಿ ಗೆರೆ, ಅದಕ್ಕೆ ಬಂದು ಸೇರುವ ಎಳೆ ಎಳೆ ಗೆರೆಗಳು, ಕೆಲವಕ್ಕೆ ಹೆಸರು, ಕೆಲವಕ್ಕೆ ಇಲ್ಲ. ಆ ಹೆಸರಿಲ್ಲದ ಗೆರೆಯೊಂದರ ಮೇಲೆ ಕಾಫಿಯ ಕಪ್ಪನ್ನು ಇಟ್ಟು ಮುಚ್ಚಿದ. ಈ ಬೆಟ್ಟ ಪಾರ್ಕ್ ಆಗುವ ಮೊದಲು ಅಲ್ಲಿ ಲೇನಿ ಮನೆತನದವರು ಬಾಳಿದ್ದರು. ಸರ್ಕಾರ ಎಲ್ಲರನ್ನೂ ಎಬ್ಬಿಸಿ ಕೆಳಗೆ ಕಳಿಸಿತು, ಮನೆಗಳನ್ನು ಸುಟ್ಟಿತು. ಉಳಿದದ್ದು ಒಂದು ಕಲ್ಲಿನ ಚಿಮಣಿ, ಗುಡ್ಡದ ಮೇಲಿನ ಸಮಾಧಿಗಳು, ಮತ್ತು ಮುತ್ತಜ್ಜಿ ಆರ್ಡೀಯ ಹೆಸರಿನ ಆ ಹಳ್ಳ. ಪಾರ್ಕಿನವರು ಪ್ರತಿಯೊಂದನ್ನೂ ಅಳೆದು ಬರೆದುಕೊಂಡರೂ ಹಳ್ಳದ ಹೆಸರನ್ನು ಮಾತ್ರ ಲೇನಿಯವರು ಯಾರಿಗೂ ಹೇಳದೆ ತಮ್ಮ ಜೊತೆ ಕೆಳಗೆ ತಂದರು. ಮನೆಯ ಹೊರಗೆ ಅದನ್ನು ಆಡುವ ಹಾಗಿರಲಿಲ್ಲ. ಗಾರ್ಲೆಂಡ್ ಹುಟ್ಟಿದ್ದು ಮೆಸ್ಸರ್ ಮನೆತನದಲ್ಲಿ, ಅವನು ಲೇನಿ ಅಲ್ಲ. ಅವನು ಆ ಮನೆಯ ಅಳಿಯ. ಅಳಿಯನಾಗಿದ್ದವನು.

ಮದುವೆಯಾದ ಮರುವರ್ಷ, ಹೂವಿನ ಭಾನುವಾರ. ಕೆಳಗಿಳಿದ ಮನೆತನಗಳೆಲ್ಲ ವರ್ಷಕ್ಕೊಮ್ಮೆ ಗುಡ್ಡ ಹತ್ತಿ, ಸಮಾಧಿಗಳ ಮಣ್ಣು ಕೆರೆದು ಗುಪ್ಪೆ ಮಾಡಿ, ಬಣ್ಣದ ಕಾಗದದ ಹೂವಿಟ್ಟು, ಪಕ್ಕದಲ್ಲೇ ಬಟ್ಟೆ ಹಾಸಿ ಊಟಕ್ಕೆ ಕೂರುವ ದಿನ. ಕರಿದ ಕೋಳಿ, ಹುರುಳಿಕಾಯಿ, ಮೆಕ್ಕೆಜೋಳದ ಬ್ರೆಡ್ಡು. ಊಟ ಮುಗಿದ ಮೇಲೆ ಮಾವ ಹೋಬರ್ಟ್ ಎದ್ದು ಪ್ಯಾಂಟು ಕೊಡವಿ, ಬಾರ್ಲಾ, ಕಾಲಾಡಿಸ್ಕೊಂಡು ಬರೋಣ, ಎಂದಿದ್ದ. ಚಿಮಣಿಯ ಬಲಕ್ಕೆ ತಿರುಗಿ, ರೋಡೋಡೆಂಡ್ರನ್ ಪೊದೆಗಳ ಕೆಳಗೆ ಮೊಣಕಾಲಲ್ಲಿ ತೆವಳಿ, ಅಂಗಿಯೆಲ್ಲ ಹರಿದುಕೊಂಡು ತಲುಪಿದಾಗ ಒಂದು ಬಂಡೆಯ ಕೆಳಗೆ ಹಂಡೆಯ ಬಾಯಿಯಷ್ಟಗಲದ ಮಡು, ಅದರಲ್ಲಿ ಕರಿ ಬೆನ್ನಿನ, ಕೆಂಪು ಚುಕ್ಕೆಯ ನಾಲ್ಕಾರು ಮೀನು. ಇದು ಆರ್ಡೀ ಹಳ್ಳ, ನಮ್ಮಪ್ಪ ನಂಗೆ ತೋರ್ಸಿದ್ದು, ಈಗ ನೀನು ಮನೆಯೋನು, ಎಂದಿದ್ದ ಹೋಬರ್ಟ್. ಮನೆಯೋನು. ಗಾರ್ಲೆಂಡನ ಸ್ವಂತ ಅಪ್ಪ ಅವನಿಗೆ ತೋರಿಸಿದ್ದು ಬೆಲ್ಟಿನ ಬಕಲು ಒಂದನ್ನೇ. ಅವನಿಗೆ ಕಣ್ಣು ತುಂಬಿ ಬಂದು, ಬೆವರು ಎಂದು ಒರೆಸಿಕೊಂಡಿದ್ದ. ಆ ರಾತ್ರಿ ಹೆಂಡತಿ ರೊಂಡಾಳಿಗೆ ಮೆಲ್ಲಗೆ ಹೇಳಿದ, ಪ್ಯಾಪ್ ನನಗೆ ಅದನ್ನು ತೋರಿಸಿದರು ಎಂದು. ಮಾವನನ್ನು ಅವನೂ ಅವಳ ಹಾಗೆ ಪ್ಯಾಪ್ ಎಂದೇ ಕರೆಯುತ್ತಿದ್ದ. ಅವಳು ಕನ್ನಡಿಯ ಕಡೆ ಮುಖ ಮಾಡಿ ತಲೆ ಬಾಚಿಕೊಳ್ಳುತ್ತಾ, ಒಳ್ಳೇದಾಯ್ತು, ಎಂದಳು. ತಿರುಗಿ ನೋಡಲಿಲ್ಲ. ಅವಳಿಗೂ ಅಳು ಬಂದಿರಬೇಕು ಎಂದುಕೊಂಡಿದ್ದ.

ಆಮೇಲಿನ ಇಪ್ಪತ್ತು ವರ್ಷ ಎಷ್ಟು ಜನ ಕೇಳಿಲ್ಲ, ಎಷ್ಟು ಬಗೆಯಲ್ಲಿ ಕೇಳಿಲ್ಲ. ಅವನು ತುಟಿ ಬಿಚ್ಚಿರಲಿಲ್ಲ. ರೊಂಡಾ ಬೇರೆಯಾದಾಗ ಮನೆ ಅವಳ ಪಾಲಿಗೆ, ಗಾಡಿ ಇವನ ಪಾಲಿಗೆ, ನಾಯಿ ಅವಳ ಪಾಲಿಗೆ ಬಂತು. ವಕೀಲರು ಹಳ್ಳದ ಮಾತೆತ್ತಲಿಲ್ಲ, ಅವರಿಗೆ ಅದು ಗೊತ್ತಿರಲಿಲ್ಲ. ಬಾಡಿಗೆಯ ಈ ತಗಡಿನ ಮನೆಯಲ್ಲಿ ಒಬ್ಬನೇ ಮಲಗಿದಾಗ ಅದೊಂದು ಸಮಾಧಾನ ಅವನಿಗಿತ್ತು. ಕೊಟ್ಟಿದ್ದನ್ನು ವಾಪಸು ಕೇಳುವುದು ಯಾರಿಗೂ ಸಾಧ್ಯವಿಲ್ಲ, ತಾನಾಗಿ ಕಳೆದುಕೊಳ್ಳುವವರೆಗೆ ಅದು ತನ್ನದೇ. ಇವತ್ತು ಬೆಳಿಗ್ಗೆ, ಹಲ್ಲು ಕೀಳುವವನೊಬ್ಬ ಎರಡು ಒಳ್ಳೆಯ ಮಾತಾಡಿದ್ದಕ್ಕೆ, ತಾನಾಗಿಯೇ ಅದನ್ನು ಕಳೆದುಕೊಂಡಿದ್ದ.

ಹೊಗಳಿಕೆಗೆ ಸೋತೆ ಎನ್ನುವುದು ಅರ್ಧ ನಿಜ. ಇನ್ನರ್ಧವನ್ನು ನೋಡಲು ಅವನಿಗೆ ಇಷ್ಟವಿರಲಿಲ್ಲ. ಹೋದ ಭಾನುವಾರ ಹೂವಿನ ಭಾನುವಾರ. ಬೇರೆಯಾದ ಮೇಲೂ ಹೋಬರ್ಟ್ ಪ್ರತಿ ವರ್ಷ ಫೋನ್ ಮಾಡಿ ಕರೆಯುತ್ತಿದ್ದ. ಈ ವರ್ಷ ಕರೆ ಬರಲಿಲ್ಲ. ಆದರೂ ಇವನು ಪೇಟೆಯಿಂದ ಹಳದಿ ಕಾಗದದ ಹೂವು ತಂದು, ಇಸ್ತ್ರಿಯಂಗಿ ತೊಟ್ಟು, ಬೆಟ್ಟದ ಬುಡದವರೆಗೆ ಗಾಡಿ ಓಡಿಸಿದ್ದ. ಮರದ ನೆರಳಲ್ಲಿ ನಿಲ್ಲಿಸಿಕೊಂಡು ನೋಡಿದ. ಲೇನಿಯವರ ಕಾರುಗಳು ಬಂದವು. ರೊಂಡಾಳ ಹೊಸ ಗಂಡ ಲೈಲ್ ಮುದುಕನನ್ನು ಕೈ ಹಿಡಿದು ಇಳಿಸಿದ, ಅವನ ಉಸಿರಿನ ಸಿಲಿಂಡರನ್ನು ಮಗುವಿನಂತೆ ಎತ್ತಿಕೊಂಡ. ಯಾರೋ ಈ ಕಡೆ ನೋಡಿದಂತಾಗಿ ಗಾರ್ಲೆಂಡ್ ಸೀಟಿನಲ್ಲಿ ಕೆಳಗೆ ಜಾರಿ ಕೂತಿದ್ದ, ವಯಸ್ಸಾದ ಮನುಷ್ಯ, ಮೊಣಕಾಲು ಸ್ಟೀರಿಂಗಿಗೆ ತಾಕಿಸಿಕೊಂಡು. ಹೂವು ಇನ್ನೂ ಗಾಡಿಯಲ್ಲೇ ಬಿದ್ದಿವೆ. ಬೆಳಿಗ್ಗೆ ಹೆಸರು ಹೇಳುವಾಗ ಒಳಗೆಲ್ಲೋ ಸಣ್ಣಗೆ ಸುಖವಾಗಿತ್ತು. ಅದು ಹೊಟ್ಟೆಕಿಚ್ಚಿನ ಸುಖ.

ಬೇರೆ ದಾರಿ ಇಲ್ಲದಿಲ್ಲ. ಬೆಟ್ಟದಲ್ಲಿ ಹಳ್ಳಗಳಿಗೆ ಬರವೇ. ಇನ್ನೊಂದು ಕಡೆ ಕರೆದೊಯ್ದು, ಪೊದೆಯಲ್ಲಿ ಒಂದಷ್ಟು ತೆವಳಿಸಿ, ಧ್ವನಿ ತಗ್ಗಿಸಿ ಇದೇ ಆರ್ಡೀ ಹಳ್ಳ ಎಂದರೆ ಡಾಕ್ಟರನಿಗೂ ಅವನ ಅಳಿಯನಿಗೂ ಗೊತ್ತಾಗುವುದುಂಟೇ. ನಕ್ಷೆಯ ಮೇಲೆ ಬೆರಳಾಡಿಸಿ ಅಂಥದ್ದೊಂದನ್ನು ಆರಿಸಿಯೂ ಬಿಟ್ಟ. ಅಲ್ಲಿ ಹೇಗೆ ನಿಲ್ಲುವುದು, ಮುಖವನ್ನು ಯಾವ ಹದದಲ್ಲಿ ಗಂಭೀರ ಮಾಡಿಕೊಳ್ಳುವುದು ಎಂದು ಯೋಚಿಸುತ್ತಿರುವಾಗ ತನ್ನ ಮೇಲೇ ಹೇಸಿಗೆಯಾಯಿತು. ಒಬ್ಬ ಮನುಷ್ಯನನ್ನು ಕಾಡಿಗೆ ಕರೆದುಕೊಂಡು ಹೋಗಿ ಅವನ ಕಣ್ಣೆದುರೇ ಅಂಥ ಸುಳ್ಳು ಹೇಳುವುದು ಎಂಥ ಹೀನ ಕೆಲಸ. ಗಾಳಕ್ಕೆ ಕಟ್ಟುವ ಹುಸಿನೊಣಗಳನ್ನು ಸುತ್ತಿಕೊಡುವವನು ಹೋಬರ್ಟೇ, ಅವನ್ನು ತರಲು ಹೇಗೂ ಅವನ ಮನೆಗೆ ಹೋಗಬೇಕಿತ್ತು. ಅವನ ಮುಂದೆ ಹೇಳಿಬಿಡುವುದೇ ಸರಿ ಎಂದು ಎದ್ದ.

ಈ ಕಣಿವೆಗಳಲ್ಲಿ ಮನೆಯವರು ಹಿತ್ತಿಲ ಬಾಗಿಲಲ್ಲಿ ಬರುತ್ತಾರೆ, ಪಾದ್ರಿಯೂ ಸಾಮಾನು ಮಾರುವವರೂ ಮುಂಬಾಗಿಲಲ್ಲಿ. ಇಪ್ಪತ್ತು ವರ್ಷ ಹಿತ್ತಿಲಲ್ಲಿ ಬೂಟು ಬಿಚ್ಚಿಟ್ಟವನು ಈಗ ಮುಂಬಾಗಿಲ ಗಂಟೆ ಒತ್ತಿ ಟೋಪಿ ಕೈಲಿ ಹಿಡಿದು ನಿಲ್ಲುತ್ತಾನೆ. ಅಂಗಳದಲ್ಲಿ ಹುಲ್ಲು ಕತ್ತರಿಸುತ್ತಿದ್ದ ಲೈಲ್ ಯಂತ್ರ ನಿಲ್ಲಿಸಿ ಕೈಯೆತ್ತಿದ. ಮೊದಲೆಂದೂ ಇಲ್ಲದ ಸಲಿಗೆಯಿಂದ, ಒಂದು ಕಣ್ಣು ಮಿಟುಕಿಸಿದ. ಗಾರ್ಲೆಂಡನಿಗೆ ಅದರ ಅರ್ಥ ತಕ್ಷಣ ಹೊಳೆಯಿತು. ಇವನಿಗೂ ಹಳ್ಳ ತೋರಿಸಿದ್ದಾನೆ ಮುದುಕ. ಕಾಯಿಲೆಯ ಅಪ್ಪನ ಜೊತೆ ಈಗ ಇಲ್ಲೇ ಇರುವ ರೊಂಡಾ ಬಾಗಿಲು ತೆರೆದು, "ಬೂಟು ಬಿಚ್ಬೇಡ, ಇರ್ಲಿ ಬಿಡು, ಎಷ್ಟೊತ್ತು ಕೂರ್ತೀಯ," ಎಂದು ಒಳಗೆ ಹೋದಳು. ಅವಳು ಒರಟಾಗಿ ಹೇಳಲಿಲ್ಲ, ಬಂದವರಿಗೆಲ್ಲ ಹೇಳುವ ಹಾಗೆ ಹೇಳಿದಳು.

ಕಿಟಕಿಯ ಪಕ್ಕದ ಮೇಜಿನಲ್ಲಿ ಹೋಬರ್ಟ್ ಲೇನಿ ಮೂಗಿಗೆ ಕೊಳವೆ ಸಿಕ್ಕಿಸಿಕೊಂಡು ಕೂತಿದ್ದ. ಶ್ವಾಸಕೋಶ ಕೈಕೊಟ್ಟಿದ್ದರೂ ಬೆರಳುಗಳು ನೆಟ್ಟಗಿದ್ದವು. ಸಣ್ಣ ಕೊಕ್ಕೆಗೆ ಹಳದಿ ಗರಿ ಇಟ್ಟು ದಾರ ಸುತ್ತುತ್ತಿದ್ದ.

"ಮತ್ತೆ ಮುಂಬಾಗಿಲಾ? ಏನ್ಲಾ, ಇನ್ಶೂರೆನ್ಸ್ ಮಾರಕ್ಕೆ ಬಂದ್ಯಾ?"

"ನೊಣ ಬೇಕಿತ್ತು."

"ಯಾರು ಈ ಸಲ?"

"ಹಲ್ಲಿನ ಡಾಕ್ಟ್ರು. ಅಳಿಯನ್ನ ಕರ್ಕೊಂಡು ಬರ್ತಾರಂತೆ."

"ಅಳಿಯನಾ? ಹಂಗಾದ್ರೆ ಮೊಂಡು ಕೊಕ್ಕೆನೇ ಸಾಕು." ಹೋಬರ್ಟ್ ನಕ್ಕ, ನಗು ಕೆಮ್ಮಾಯಿತು, ಕೆಮ್ಮು ಮುಗಿಯುವವರೆಗೆ ಗಾರ್ಲೆಂಡ್ ಗೋಡೆಯ ಕಡೆ ನೋಡುತ್ತಾ ಕೂತ. ಅಲ್ಲಿ ಹಿಂದೆ ತನ್ನ ಮದುವೆಯ ಪಟವಿತ್ತು. ಅದನ್ನು ತೆಗೆದ ಜಾಗದಲ್ಲಿ ಬಣ್ಣ ಸ್ವಲ್ಪ ಗಾಢವಾಗಿ ಉಳಿದಿತ್ತು, ಹೊಸ ಪಟ ಅದಕ್ಕಿಂತ ಚಿಕ್ಕದು. ಬೇರೆಯಾದಂದಿನಿಂದ ಈ ಮುದುಕನನ್ನು ಅವನು ಏನೆಂದೂ ಕರೆದಿರಲಿಲ್ಲ. ಹೆಸರು ಹಿಡಿದರೆ ಅವಮಾನ ಮಾಡಿದಂತೆ, ಪ್ಯಾಪ್ ಎಂದರೆ ಹಕ್ಕು ಕೇಳಿದಂತೆ. ಕರೆಯದೆಯೇ ಮಾತು ಜೋಡಿಸುವುದನ್ನು ಕಲಿತುಕೊಂಡಿದ್ದ. ಈಗ ಆ ಜಾಣ್ಮೆ ನೆನಪಿಗೆ ಬರಲಿಲ್ಲ.

"ಪ್ಯಾಪ್, ಒಂದು ತಪ್ಪಾಗೋಯ್ತು. ಆ ಡಾಕ್ಟ್ರಿಗೆ ಆರ್ಡೀ ಹಳ್ಳದ ಮಾತು ಹೇಳ್ಬಿಟ್ಟೆ. ಹೆಸರೂ ಹೇಳ್ದೆ."

ಹೋಬರ್ಟ್ ದಾರ ಬಿಗಿದು ಗಂಟು ಹಾಕಿದ. ಮೂಗಿನ ಕೊಳವೆಯ ಯಂತ್ರ ಅವನ ಬದಲಿಗೆ ಉಸಿರಾಡಿತು. ಗಾರ್ಲೆಂಡ್ ಬೈಗುಳಕ್ಕೆ ಕಾದ, ಆಸೆಯಿಂದಲೇ ಕಾದ. ಮನೆಯವನನ್ನಲ್ಲದೆ ಯಾರನ್ನು ಹಾಗೆ ಬೈಯುತ್ತಾರೆ. ಎದ್ದು ಹೋಗು, ಈ ಹೊಸ್ತಿಲು ತುಳಿಯಬೇಡ ಎಂದರೂ ಸರಿಯೇ, ಹಾಗೆನ್ನಲಿಕ್ಕೂ ಮೊದಲು ಒಳಗೆ ಸೇರಿಸಿಕೊಂಡಿರಬೇಕು.

"ಅಷ್ಟೇನಾ?" ಎಂದ ಹೋಬರ್ಟ್. "ನಿನ್ನ ಮುಖ ನೋಡಿ ಯಾರೋ ತೀರ್ಕೊಂಡ್ರು ಅಂದ್ಕೊಂಡೆ. ಕರ್ಕೊಂಡು ಹೋಗ್ಲಾ, ಏನಾಯ್ತೀಗ. ಅದು ಆರ್ಡೀ ಹಳ್ಳ ಅಲ್ಲ."

"ಅಲ್ಲ ಅಂದ್ರೆ?"

"ಅದು ಬರೀ ಹಳ್ಳ. ಅಳಿಯಂದ್ರಿಗೆ ತೋರ್ಸೋದು." ಮುದುಕ ಸಮಾಧಾನ ಹೇಳುವ ಧ್ವನಿಯಲ್ಲೇ ಹೇಳುತ್ತಿದ್ದ, ಬಿದ್ದು ಮೊಣಕಾಲು ತರಚಿಕೊಂಡ ಹುಡುಗನಿಗೆ ಹೇಳುವ ಹಾಗೆ. "ನಮ್ಮ ಸೋದರತ್ತೆ ಗಂಡ ಒಬ್ಬ ಇದ್ದ. ನಮ್ಮಪ್ಪ ಅವನಿಗೆ ನಿಜವಾದ್ದನ್ನ ತೋರ್ಸಿದ್ರು. ಅವನು ಹೋಗಿ ಕ್ಷೌರದಂಗ್ಡೀಲಿ ಕೂತು ಬಾಯ್ಬಿಟ್ಟ. ಊರೋರೆಲ್ಲ ನುಗ್ಗಿ ಎರೆಹುಳ ಹಾಕಿ ಬಳ್ಕೊಂಡು ಹೋದ್ರು. ಮತ್ತೆ ಮೀನು ಕಾಣಕ್ಕೆ ಎಷ್ಟೋ ವರ್ಷ ಆಯ್ತು. ಆಮೇಲಿಂದ ನಮ್ಮನೇಲಿ ಹಿಂಗೇ ನಡ್ಕೊಂಡು ಬಂದಿದೆ. ಮದುವೆಯಾಗಿ ಬಂದೋರಿಗೆ ಮೊದ್ಲು ಇದು. ಬಾಯಿ ಗಟ್ಟಿ ಇದೆ ಅಂತ ನಂಬಿಕೆ ಬಂದ್ಮೇಲೆ ಅದು."

"ನಾನು ಯಾರಿಗೂ ಹೇಳಿರ್ಲಿಲ್ಲ. ಇಷ್ಟು ವರ್ಷ."

"ಗೊತ್ತು ಕಣ್ಲಾ. ಪ್ರತಿ ಹೂವಿನ ಭಾನುವಾರನೂ ಅಂದ್ಕೊಳ್ತಿದ್ದೆ, ಈ ಸಲ ಊಟ ಆದ್ಮೇಲೆ ಇವನ್ನ ಆ ಕಡೆ ಕರ್ಕೊಂಡು ಹೋಗ್ಬೇಕು ಅಂತ. ನೀನು ಒಳ್ಳೇವನು. ಆದ್ರೆ ಯಾರಾದ್ರೂ ಹೊಗಳಿದ್ರೆ ಬೆಣ್ಣೆ ಕರಗ್ದಂಗೆ ಕರಗ್ತೀಯ. ಇನ್ನೊಂದು ವರ್ಷ ನೋಡಣ, ಇನ್ನೊಂದು ವರ್ಷ ನೋಡಣ ಅಂತಿದ್ದೆ. ಅಷ್ಟರಲ್ಲಿ ನನ್ನ ಉಸ್ರು ಕೆಟ್ಟೋಯ್ತು. ನೀವಿಬ್ರೂ ಬೇರೆ ಆದ್ರಿ."

ಹೊರಗೆ ಹುಲ್ಲಿನ ಯಂತ್ರ ಮತ್ತೆ ಶುರುವಾಗಿ ಕಿಟಕಿಯ ಹತ್ತಿರ ಬಂದು ದೂರ ಹೋಯಿತು. ಗಾರ್ಲೆಂಡ್ ಕೈಯಲ್ಲಿದ್ದ ಟೋಪಿಯನ್ನು ತಿರುಗಿಸಿ ಒಳಗೆ ನೋಡಿದ, ಬೆವರಿನ ಕಲೆ, ಕಿತ್ತ ಹೊಲಿಗೆ. ಆ ಮಡು, ಆ ಬಂಡೆ, ತಾನು ಒರೆಸಿಕೊಂಡ ಕಣ್ಣು. ಹೋಬರ್ಟ್ ಆಗ ಪಕ್ಕದಲ್ಲಿ ನಿಂತು ಏನು ಮಾಡುತ್ತಿದ್ದ, ಎಂದು ನೆನಪು ಮಾಡಿಕೊಳ್ಳಲು ನೋಡಿದ. ಮುಖವನ್ನು ಗಂಭೀರ ಮಾಡಿಕೊಂಡು ನಿಂತಿದ್ದ. ಬೇಕಾದ ಹದದಲ್ಲಿ.

"ರೊಂಡಾಗೆ ಗೊತ್ತಾ?"

"ಅವಳು ಹುಟ್ಟಿದ ಮನೆ ಕಣ್ಲಾ ಇದು. ಅವಳಿಗೆ ಗೊತ್ತಿಲ್ದೆ ಏನು."

ಆ ರಾತ್ರಿ ಕನ್ನಡಿಯ ಮುಂದೆ ರೊಂಡಾಳ ಬಾಚಣಿಗೆ ಕೂದಲಿನಲ್ಲಿ ಮೇಲಿಂದ ಕೆಳಗೆ ಇಳಿದಿತ್ತು. ಒಳ್ಳೇದಾಯ್ತು. ಅಷ್ಟು ವರ್ಷ ಒಂದೇ ಹಾಸಿಗೆಯಲ್ಲಿ, ಜ್ವರ ಬಂದಾಗ, ಜಗಳವಾಗಿ ರಾಜಿಯಾದಾಗ, ಹುಟ್ಟದೇ ಹೋದ ಮಗುವಿಗಾಗಿ ಇಬ್ಬರೂ ಅತ್ತಾಗ, ಅವಳು ಬಾಯಿ ಬಿಡಲಿಲ್ಲ. ಬಾಯಿ ಗಟ್ಟಿ ಎಂದರೆ ಅದು. ಅವನಿಗೆ ಅವಳ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ನಾಚಿಕೆ, ತುಂಬಿದ ಸಭೆಯಲ್ಲಿ ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡು ಇಡೀ ದಿನ ಓಡಾಡಿದವನ ನಾಚಿಕೆ.

"ಲೈಲ್‌ಗೆ?"

"ಅವನಿಗೂ ಇದೇ. ಹೋದ ಭಾನುವಾರ ಚಿಮಣಿ ಹತ್ರ ಕೂತು ದಾರಿ ಹೇಳಿ ಕಳಿಸ್ದೆ, ನಂಗೆಲ್ಲಿ ಆ ಪೊದೆ ಕೆಳಗೆ ತೆವಳಕ್ಕಾಗುತ್ತೆ. ಪಾಪ, ಕಣ್ಣಲ್ಲಿ ನೀರು ತುಂಬ್ಕೊಂಡು ಬಂದ."

"ಹಂಗಾದ್ರೆ ಆರ್ಡೀ ಹಳ್ಳ ಎಲ್ಲಿದೆ ಪ್ಯಾಪ್?"

ಕೇಳಬಾರದಿತ್ತು ಎಂದು ಕೇಳುತ್ತಿರುವಾಗಲೇ ಗೊತ್ತಾಯಿತು. ಹೋಬರ್ಟನ ಮುಖದಲ್ಲಿ ಕೋಪವೇನೂ ಬರಲಿಲ್ಲ. ಅವನು ಡಬ್ಬಿಯಿಂದ ಇನ್ನೊಂದು ಕೊಕ್ಕೆ ತೆಗೆದು ಬೆಳಕಿಗೆ ಹಿಡಿದು ಮೊನೆ ನೋಡಿದ.

"ಎಷ್ಟು ನೊಣ ಬೇಕು ಅಂದೆ?" ಎಂದ.

ನೊಣಗಳ ಡಬ್ಬಿ ಜೇಬಿಗಿಳಿಸಿ ಹೊರಗೆ ಬಂದಾಗ ಬಿಸಿಲು ಏರಿ ಕತ್ತರಿಸಿದ ಹುಲ್ಲಿನ ವಾಸನೆ ಎದ್ದಿತ್ತು. ಲೈಲ್ ಯಂತ್ರ ಬಿಟ್ಟು ಗಾಡಿಯವರೆಗೆ ಜೊತೆಗೆ ಬಂದ. ಕೊರಳು ಕೆಂಪಗಾಗಿ, ಅಂಗಿ ಬೆನ್ನಿಗೆ ಅಂಟಿಕೊಂಡು, ಅವನು ಯಾರಿಗೂ ಕೇಡು ಬಯಸದ ದೊಡ್ಡ ಆಳು. ಇವನನ್ನು ದ್ವೇಷಿಸುವುದಕ್ಕೆ ಗಾರ್ಲೆಂಡ್ ಬಹಳ ಶ್ರಮಪಟ್ಟಿದ್ದ. ಲೈಲ್ ಮನೆಯ ಕಡೆ ಒಮ್ಮೆ ತಿರುಗಿ ನೋಡಿ ದನಿ ತಗ್ಗಿಸಿದ.

"ನಂಗೂ ತೋರ್ಸಿದ್ರು. ಗೊತ್ತಲ್ಲ, ಅದನ್ನ."

"ಗೊತ್ತು."

"ಹಾರ್ಡ್‌ವೇರ್ ಅಂಗಡೀಲಿ ದಿನಾ ಮೀನಿನ ಮಾತೇ. ಬಾಯಿ ತುರಿಸುತ್ತೆ ಮಾರಾಯ. ಆದ್ರೆ ಆಡಲ್ಲ. ಮುದುಕ ಅವತ್ತು ಏನಂದ್ರು ಗೊತ್ತಾ? ಗಾರ್ಲೆಂಡ್ ಥರ ಇರು ಅಂದ್ರು. ಇಷ್ಟು ವರ್ಷದಲ್ಲಿ ಒಬ್ಬರ ಹತ್ರನೂ ತುಟಿ ಪಿಟಕ್ಕನ್ನಲಿಲ್ಲ ಅಂದ್ರು. ನಿಜಾನಾ?"

ಒಂದು ಮಾತು ಸಾಕಿತ್ತು. ಅದು ಬರೀ ಹಳ್ಳ ಕಣಯ್ಯಾ, ನಿನಗೂ ನನಗೂ ಒಂದೇ ಟೋಪಿ ಹಾಕಿದ್ದಾರೆ, ಎಂದುಬಿಟ್ಟರೆ ಈ ಕೆಂಪು ಮುಖ ಹೇಗೆ ಇಳಿಯುತ್ತದೆ ಎಂದು ಗಾರ್ಲೆಂಡನಿಗೆ ಕಾಣುತ್ತಲೇ ಇತ್ತು. ಬಾಯಿ ತೆರೆದ. ಅಷ್ಟರಲ್ಲಿ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಡಾಕ್ಟರ್ ಹ್ಯಾಸೆಲ್.

"ತಗೋ, ಗಿರಾಕಿ ಇರ್ಬೇಕು," ಎಂದ ಲೈಲ್. ಆಚೆ ಹೋಗದೆ ಅಲ್ಲೇ ಗಾಡಿಗೆ ಒರಗಿ ನಿಂತ.

"ಗಾರ್ಲೆಂಡ್, ಅಳಿಯನಿಗೆ ಹೇಳ್ದೆ," ಡಾಕ್ಟರನ ದನಿ ಹೊರಗೂ ಕೇಳುವಷ್ಟು ದೊಡ್ಡದಿತ್ತು. "ಕುಣೀತಿದಾನೆ. ಭಾನುವಾರ ಆ ಜಾಗಕ್ಕೇ ತಾನೆ? ಏನದು ಹೆಸರು, ಬಾಯಿಗೇ ಬರ್ತಿಲ್ಲ ನೋಡು."

ಲೈಲ್ ಅವನ ಬಾಯನ್ನೇ ನೋಡುತ್ತಿದ್ದ. ಗುಟ್ಟಿಲ್ಲದ ಒಂದು ಹಳ್ಳ, ಯಾರು ಬೇಕಾದರೂ ಹೋಗಬಹುದು, ಮುದುಕನೇ ಹೋಗು ಎಂದಿದ್ದಾನೆ. ಭಾನುವಾರ ಹೋದರೆ ಡಾಕ್ಟರನ ಮರ್ಯಾದೆ ಉಳಿಯುತ್ತದೆ, ಮುಂದಿನ ಜೂನ್‌ನಲ್ಲೂ ಅವನು ಬರುತ್ತಾನೆ. ಗಾರ್ಲೆಂಡನಿಗೆ ಆ ಕಪ್ಪು ನೀರು ಕಂಡಿತು, ಬಂಡೆಯ ನೆರಳಲ್ಲಿ ಅಲುಗದೆ ನಿಂತ ಮೀನುಗಳು ಕಂಡವು. ಅವನಿಗೆ ಅಂತ ಯಾರಾದರೂ ಕೊಟ್ಟದ್ದು ಅದೊಂದೇ.

"ಹಂಗೆ ಯಾವ ಜಾಗನೂ ಇಲ್ಲ ಡಾಕ್ಟ್ರೇ," ಎಂದ. "ಬೆಳಿಗ್ಗೆ ಸುಮ್ನೆ ಬಡಾಯಿ ಕೊಚ್ಚಿದೆ. ರಸ್ತೆ ಪಕ್ಕದ ಮಡುಗೇ ಹೋಗೋಣ."

ಡಾಕ್ಟರು ಸಣ್ಣ ದನಿಯಲ್ಲಿ, ಅಳಿಯನ ಮುಂದೆ ನನ್ನನ್ನ ಏನು ಮಾಡಿಟ್ಟೆ ನೀನು, ಎಂದ. ಪೇಟೆಯಲ್ಲಿ ಬೇರೆ ಗೈಡುಗಳೂ ಇದ್ದಾರಲ್ಲ, ಅವರನ್ನೇ ಕೇಳುತ್ತೇನೆ ಎಂದ. ಗಾರ್ಲೆಂಡ್, ಆಗಲಿ ಡಾಕ್ಟ್ರೇ, ಎಂದು ಫೋನನ್ನು ಜೇಬಿಗಿಟ್ಟ. ಭಾನುವಾರ ಖಾಲಿಯಾಯಿತು. ಇನ್ನೊಂದು ಜೇಬಿನಲ್ಲಿ ನೊಣಗಳ ಡಬ್ಬಿ ತೊಡೆಗೆ ಒತ್ತುತ್ತಿತ್ತು.

ಲೈಲ್ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವನ ಕಣ್ಣು ತುಂಬಿ ಬಂದಿತ್ತು, ಅದನ್ನು ಬೆವರೆನ್ನುವ ಹಾಗೆ ತೋಳಿನಿಂದ ಒರೆಸಿಕೊಂಡ. ಭಾರವಾದ ಕೈಯನ್ನು ಗಾರ್ಲೆಂಡನ ಹೆಗಲ ಮೇಲಿಟ್ಟು ಒಮ್ಮೆ ಅದುಮಿದ.

"ಯಾರು ಏನೇ ಅನ್ನಲಿ," ಎಂದ, "ನೀನು ಈ ಮನೆಯೋನು ಕಣಯ್ಯಾ."

ಗಾರ್ಲೆಂಡ್ ತಲೆಯಾಡಿಸಿದ. ಗಾಡಿಯ ಬಾಗಿಲು ತೆರೆದು, ಸೀಟಿನ ಮೇಲಿದ್ದ ಹಳದಿ ಕಾಗದದ ಹೂವುಗಳನ್ನು ಪಕ್ಕಕ್ಕೆ ಸರಿಸಿ ಹತ್ತಿ ಕೂತ.